ಆ್ಯಪ್‌ನಲ್ಲಿ ‘ಫಿಟ್‌ನೆಸ್ ವ್ಯಾಲಿಡ್’ ಎಂದಿದ್ದರೆ ಸೆಕೆಂಡ್ ಹ್ಯಾಂಡ್ ಕಾರು ಚೆನ್ನಾಗಿದೆ ಎಂದರ್ಥವೇ?

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಲ್ಲಿರುವ ನನ್ನ ಸೋದರಮಾವ ಕಳೆದ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಂದೇಶ ಕಳಿಸಿದರು. ಮೊದಲನೆಯದು ಯಾರೋ ಫಾರ್ವರ್ಡ್ ಮಾಡಿದ್ದು: ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಫಿಟ್‌ನೆಸ್ ಇದ್ದರೆ ಕಣ್ಣು ಮುಚ್ಚಿ ಕೊಂಡುಕೊಳ್ಳಿ ಅಂತ. ಎರಡನೆಯದು ಅವರೇ ತೆಗೆದ ಸ್ಕ್ರೀನ್‌ಶಾಟ್. 2018ರಲ್ಲಿ ನೋಂದಣಿಯಾದ ಕೆಎ-42 ಕಾರು, ಫಿಟ್‌ನೆಸ್ 2033ರವರೆಗೆ. ‘ಸರ್ಕಾರವೇ ಚೆಕ್ ಮಾಡಿದೆಯಲ್ಲ, ಅಡ್ವಾನ್ಸ್ ಕೊಟ್ಟುಬಿಡಲಾ?’ ಎಂದು ಕೇಳಿದರು. ರೇಷ್ಮೆಗೂಡು ಮಾರಿ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು.

ಬೇಡ ಎಂದೆ. ಕಾರು ಕೆಟ್ಟದ್ದು ಅಂತಲ್ಲ. ಆ 2033 ಎಂಬ ಸಂಖ್ಯೆ ಕಾರಿನ ಸ್ಥಿತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಅದಕ್ಕೆ.

ಹಾಗಾದರೆ ಆ ದಿನಾಂಕ ಎಲ್ಲಿಂದ ಬಂತು?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ವೈಟ್ ಬೋರ್ಡ್ ಅಂದರೆ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. 2018ಕ್ಕೆ 15 ಕೂಡಿಸಿ, 2033 ಆಯಿತು. ಶೋರೂಮಿನಿಂದ ಹೊರಬಂದ ಹೊತ್ತಿಗೇ ಈ ದಿನಾಂಕ ನಿಗದಿಯಾಗಿರುತ್ತದೆ. ಆಮೇಲೆ ಆ ಕಾರು ಮರಕ್ಕೆ ಗುದ್ದಿರಬಹುದು, ಕೆರೆಗೆ ಬಿದ್ದಿರಬಹುದು, ದಿನಾಂಕ ಬದಲಾಗುವುದಿಲ್ಲ.

15 ವರ್ಷ ತುಂಬಿದ ಮೇಲೆ ಆರ್‌ಟಿಒಗೆ ಗಾಡಿ ಒಯ್ದು ತಪಾಸಣೆ ಮಾಡಿಸಿ, ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ ಕಾರುಗಳಿಗೆ 600ರಿಂದ 5,000 ರೂಪಾಯಿಗೆ ಏರಿತು. 14 ವರ್ಷದ ಕಾರು ಅಗ್ಗಕ್ಕೆ ಸಿಕ್ಕಿದರೆ ಈ ಖರ್ಚೂ ನಿಮ್ಮ ಲೆಕ್ಕದಲ್ಲಿರಲಿ.

ಯೆಲ್ಲೋ ಬೋರ್ಡ್ ಗಾಡಿಗಳ ವಿಷಯ ಬೇರೆ. ಟ್ಯಾಕ್ಸಿ, ಲಾರಿಗಳಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ ಎಫ್‌ಸಿ ಆಗಲೇಬೇಕು. ‘ಎಫ್‌ಸಿ ಇದ್ದರೆ ಗಾಡಿ ಚೆಕ್ ಆಗಿದೆ’ ಎಂಬ ಮಾತಿಗೆ ಅಲ್ಲಿ ಅರ್ಥವಿದೆ. ಅದನ್ನೇ ಮನೆ ಕಾರಿಗೂ ಅನ್ವಯಿಸಿದ್ದರಿಂದ ಈ ಗೊಂದಲ.

ಬ್ರಿಟನ್‌ನಲ್ಲಿ 3 ವರ್ಷ ತುಂಬಿದ ಪ್ರತಿ ಕಾರಿಗೂ ವರ್ಷಕ್ಕೊಮ್ಮೆ ‘ಎಂಒಟಿ’ ಪರೀಕ್ಷೆ ಕಡ್ಡಾಯ. ಅದರಲ್ಲಿ ಪಾಸಾಯಿತೇ, ಫೇಲಾಯಿತೇ, ಎಷ್ಟು ಓಡಿತ್ತು ಎಂಬ ವಿವರವನ್ನು ನಂಬರ್ ಹಾಕಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮ ಮನೆ ಕಾರುಗಳಿಗೆ ಅಂಥ ದಾಖಲೆಯೇ ಹುಟ್ಟುವುದಿಲ್ಲ. ಇಲ್ಲದ ದಾಖಲೆಯನ್ನು ಯಾವ ಆ್ಯಪ್ ತಾನೇ ತೋರಿಸೀತು?

ನೀರಿಗೆ ಸಿಕ್ಕ ಕಾರುಗಳು

2022ರ ಆಗಸ್ಟ್ ಕೊನೆಯ ಮಳೆ ನೆನಪಿದೆಯೇ? ರಾಮನಗರದ ಸಂಗನಬಸವನದೊಡ್ಡಿ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿ ಕಾರು, ಬಸ್ಸುಗಳು ನೀರಿನಲ್ಲಿ ಸಿಲುಕಿದ್ದವು. ಮುಂದಿನ ವಾರವೇ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ನಿಂತಲ್ಲೇ ಮುಳುಗಿದವು.

ನೀರು ಕುಡಿದ ಕಾರನ್ನು ತೊಳೆದು, ಸೀಟು ಬದಲಿಸಿ ಮಾರಬಹುದು. ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದ ಗಾಡಿಗಳೂ ಹರಾಜಿನಲ್ಲಿ ಕೈ ಬದಲಿಸುತ್ತವೆ. ಆದರೆ ವೈರಿಂಗ್, ಕನೆಕ್ಟರ್‌ಗಳ ಒಳಗೆ ತುಕ್ಕು ನಿಧಾನವಾಗಿ ಹಬ್ಬುತ್ತದೆ. ತಿಂಗಳುಗಳ ನಂತರ ಏರ್‌ಬ್ಯಾಗ್ ಅಥವಾ ಎಬಿಎಸ್ ಕೈಕೊಡಬಹುದು. ಆಗಲೂ ಆ್ಯಪ್‌ನಲ್ಲಿ ಫಿಟ್‌ನೆಸ್ 2033ರವರೆಗೇ ಇರುತ್ತದೆ.

ಎಮಿಷನ್ ಟೆಸ್ಟ್ ಆಗಿದ್ದರೆ?

ಅದು ಹೊಗೆಯ ಪರೀಕ್ಷೆ ಮಾತ್ರ. ಬ್ರೇಕ್, ಸ್ಟೇರಿಂಗ್, ಚಾಸಿಯನ್ನು ಅಲ್ಲಿ ಯಾರೂ ನೋಡುವುದಿಲ್ಲ.

ಹಾಗಾದರೆ ಆ್ಯಪ್ ದಂಡವೇ?

ಖಂಡಿತ ಇಲ್ಲ. ಅದು ಕಾಗದಪತ್ರದ ಆರೋಗ್ಯ ಹೇಳುತ್ತದೆ. ಬ್ಯಾಂಕ್ ಸಾಲ ಬಾಕಿ ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ. ಇ-ಚಲನ್ ಬಾಕಿಯನ್ನೂ ನೋಡಿ. ಬಾನೆಟ್ ತೆಗೆಸಿ ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತವೆಯೇ ಎಂದು ಅಂಕಿ ಅಂಕಿ ಹೋಲಿಸಿ.

ನಿಜವಾದ ಇತಿಹಾಸ ಎಲ್ಲಿದೆ?

ಅದು ಒಂದೇ ಕಡೆ ಇಲ್ಲ, ಚದುರಿಹೋಗಿದೆ. ಒಟ್ಟುಗೂಡಿಸಬೇಕು.

• ಸರ್ವಿಸ್ ದಾಖಲೆ: ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಜಾಬ್ ಕಾರ್ಡ್ ಮೇಲೆ ಕಿಲೋಮೀಟರ್ ಬರೆದಿರುತ್ತಾರೆ. ಮಾಲೀಕರನ್ನು ಜೊತೆಗೆ ಕರೆದೊಯ್ದು ಕೇಳಿ. 2021ರಲ್ಲಿ 70 ಸಾವಿರ ಇದ್ದದ್ದು ಇಂದು ಮೀಟರ್‌ನಲ್ಲಿ 55 ಸಾವಿರ ಎಂದರೆ ಮಾತು ಅಲ್ಲಿಗೇ ಮುಗಿಯಿತು.

• ವಿಮೆ ಪಾಲಿಸಿ: ಅದರಲ್ಲಿ ‘ನೋ ಕ್ಲೇಮ್ ಬೋನಸ್’ ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಅದು 20, 25, 35, 45, 50 ಶೇಕಡಾ ಎಂದು ಏರುತ್ತದೆ. ಹಳೆಯ ಕಾರಿಗೆ ಸೊನ್ನೆ ಇದ್ದರೆ ‘ಯಾವ ಕ್ಲೇಮ್?’ ಎಂದು ಕೇಳಲೇಬೇಕು. ಆದರೆ ಬೋನಸ್ ಸೇರುವುದು ಮಾಲೀಕರಿಗೆ, ಗಾಡಿಗಲ್ಲ. ಹಿಂದಿನ ಕಾರಿನದ್ದನ್ನೂ ಇದಕ್ಕೆ ತಂದಿರಬಹುದು. ಹಾಗಾಗಿ ಇದು ಸುಳಿವು, ಸಾಕ್ಷಿಯಲ್ಲ.

• ಕಾರೇ ಹೇಳುವುದು: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಇದ್ದರೆ ನೀರು ಅಲ್ಲಿಗೆ ಏರಿತ್ತು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ನೋಡಿ. ಟೈರಿನ ಮೇಲಿನ 4 ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಕಡಿಮೆ ಓಡಿದೆ ಎನ್ನುವ ಕಾರಿನ ಪೆಡಲ್ ರಬ್ಬರ್ ಸವೆದಿದ್ದರೆ ಅನುಮಾನಿಸಿ.

• ನಿಮ್ಮದೇ ಮೆಕ್ಯಾನಿಕ್: ಮಾರುವವರು ತೋರಿಸಿದವರಲ್ಲ. ಲಿಫ್ಟ್ ಮೇಲೆ ಏರಿಸಿ ಅಡಿಭಾಗ ನೋಡಲಿ. ಅಡ್ವಾನ್ಸ್ ಅದಾದ ಮೇಲೆ.

ಮಾರುವವರಿಗೂ ಒಂದು ಮಾತು

ಕೀ ಕೊಟ್ಟ ಮಾತ್ರಕ್ಕೆ ಜವಾಬ್ದಾರಿ ಕಳೆಯುವುದಿಲ್ಲ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಫಾರ್ಮ್ 29, 30ಕ್ಕೆ ಸಹಿ ಹಾಕಿ ಮರೆತುಬಿಡಬೇಡಿ, ಹೆಸರು ಬದಲಾಗುವವರೆಗೂ ಬೆನ್ನು ಹತ್ತಿ. ಕೊಂಡವರು ವಿಮೆಯನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಬೇಕು.

ಸೋದರಮಾವ ಈಗ ಸರ್ವಿಸ್ ದಾಖಲೆಗಾಗಿ ಕಾಯುತ್ತಿದ್ದಾರೆ. ‘ನಾಳೆ ಕೊಡ್ತೀನಿ’ ಎಂದವರು ಎರಡು ವಾರವಾದರೂ ಕೊಟ್ಟಿಲ್ಲ. ಅಡ್ವಾನ್ಸ್ ಇನ್ನೂ ಮಾವನ ಜೇಬಿನಲ್ಲೇ ಇದೆ. ‘ಫಿಟ್‌ನೆಸ್ ಇದ್ದರೆ ಸಾಕು’ ಎಂಬ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಮುನ್ನ ಒಂದು ಸಾಲು ಸೇರಿಸಿ: ಅದು ಆರ್‌ಸಿಯ ಆಯಸ್ಸು, ಕಾರಿನ ಆರೋಗ್ಯವಲ್ಲ.