ಬಂದೂಕಿನ ಬೆನ್ನಿಗೊಂದು ಪ್ರೇಮಕಥೆ

ತಲೆಗೆ ಬಲವಾದ ಪೆಟ್ಟು ಬಿದ್ದು ರಜೆಯ ಮೇಲೆ ಊರಿಗೆ ಬಂದ ನೌಕಾಪಡೆಯ ಅಧಿಕಾರಿಯೊಬ್ಬ ಒಂದು ಮುಖ ಕಂಡು ಬೆಚ್ಚಿಬೀಳುತ್ತಾನೆ. ಸತ್ತನೆಂದು ಎಲ್ಲರೂ ನಂಬಿದ್ದ ಭಯೋತ್ಪಾದಕನ ಮುಖ ಅದು. ಮೇಲಧಿಕಾರಿಗಳಿಗೆ ತಿಳಿಸಿದರೆ ಅವರು ನಂಬುವುದಿಲ್ಲ, ಪೆಟ್ಟುಬಿದ್ದ ತಲೆಯ ಭ್ರಮೆ ಎನ್ನುತ್ತಾರೆ. ಅವನಿಗೇ ತನ್ನ ಕಣ್ಣಿನ ಮೇಲೆ ಪೂರ್ತಿ ಭರವಸೆಯಿಲ್ಲ. ಅದೇ ಊರಿಗೆ, ಸಾವಿನ ದಿನಗಳನ್ನು ಎಣಿಸುತ್ತಿರುವ ತಂದೆಯ ಆರೈಕೆಗೆಂದು, ಹರೆಯದಲ್ಲಿ ಅವನು ಮೆಚ್ಚಿದ್ದ ಹುಡುಗಿ ಈಗ ಡಾಕ್ಟರಾಗಿ ಮರಳಿದ್ದಾಳೆ. ಪುಸ್ತಕ ಕೆಳಗಿಡುವುದಾದರೂ ಹೇಗೆ?

ಇದು ಅಮೆರಿಕದ ಲೇಖಕಿ ಸುಝಾನ್ ಬ್ರಾಕ್‌ಮನ್ 2000ದಲ್ಲಿ ಬರೆದ ‘ದಿ ಅನ್‌ಸಂಗ್ ಹೀರೋ’. ‘ಟ್ರಬಲ್‌ಶೂಟರ್ಸ್’ ಮಾಲಿಕೆಯ ಮೊದಲ ಕಾದಂಬರಿ. ಅದಕ್ಕೂ ಮುಂಚೆ, 1996ರಲ್ಲಿ, ‘ಪ್ರಿನ್ಸ್ ಜೋ’ ಮೂಲಕ ಆಕೆ ಇಂಥದೇ ಇನ್ನೊಂದು ಮಾಲಿಕೆ ಶುರು ಮಾಡಿದ್ದರು. ಎರಡರಲ್ಲೂ ನಾಯಕರು ಅಮೆರಿಕದ ನೌಕಾಪಡೆಯ ‘ಸೀಲ್’ ಕಮಾಂಡೊಗಳು. ಪ್ರೇಮ, ಪತ್ತೇದಾರಿ, ಸೈನ್ಯ ಮೂರನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ ಈ ಅಡುಗೆಗೆ ಅಲ್ಲಿ ‘ಮಿಲಿಟರಿ ರೊಮ್ಯಾಂಟಿಕ್ ಸಸ್ಪೆನ್ಸ್’ ಎಂದೇ ಹೆಸರು.

ಸಾಹಸವೊಂದೇ ಆಗಿದ್ದರೆ ಒಂದು ಪುಸ್ತಕಕ್ಕೇ ಓದುಗ ದಣಿಯುತ್ತಿದ್ದ. ಗುಟ್ಟಿರುವುದು ಮಾಲಿಕೆಯ ಹೆಣಿಗೆಯಲ್ಲಿ. ಪ್ರತಿ ಕಾದಂಬರಿಯಲ್ಲೂ ಒಂದು ಜೋಡಿಯ ಕಥೆ ದಡ ಸೇರುತ್ತದೆ. ಆದರೆ ತಂಡದ ಉಳಿದವರ ಬದುಕು ಅರ್ಧದಲ್ಲೇ ನಿಂತಿರುತ್ತದೆ. ಸ್ಯಾಮ್ ಸ್ಟಾರೆಟ್ ಮತ್ತು ಅಲಿಸಾ ಲಾಕ್ ಅವರನ್ನೇ ನೋಡಿ. ಅವನು ಟೆಕ್ಸಾಸಿನ ಬಿಳಿಯ, ಅವಳು ಗುರಿತಪ್ಪದ ಕಪ್ಪುವರ್ಣೀಯ ಹೆಣ್ಣುಮಗಳು. ಸಿಕ್ಕಾಗಲೆಲ್ಲ ಜಗಳ, ದೂರವಾದಾಗ ಸಂಕಟ. ಪುಸ್ತಕದಿಂದ ಪುಸ್ತಕಕ್ಕೆ ಹೀಗೇ ಎಳೆದಾಡಿ, ಆರನೆಯದಾದ ‘ಗಾನ್ ಟೂ ಫಾರ್’ (2003) ಬಂದಾಗ ಮಾತ್ರ ಅವರೇ ನಾಯಕ–ನಾಯಕಿಯರಾದರು. ಧಾರಾವಾಹಿಯ ಮುಂದಿನ ಕಂತಿಗಾಗಿ ವಾರಪತ್ರಿಕೆಯ ದಾರಿ ಕಾದ ತಾಯಂದಿರಿಗೆ ಈ ಚಡಪಡಿಕೆಯನ್ನು ವಿವರಿಸಬೇಕಾಗಿಲ್ಲ. ಕತ್ತಲ ಕಡಲಿಗೆ ಧುಮುಕಲು ಹೆದರದ ಗಂಡಸು ಮನಸ್ಸಿನಲ್ಲಿರುವ ಎರಡು ಮಾತು ಹೇಳಲಾರದೆ ತೊದಲುವುದನ್ನು ನೋಡುವ ಸುಖ ಬೇರೆ!

ಆದರೆ ಕಾಲೇಜು ಹುಡುಗರು ಕಥೆ ಓದಿ ಮುಗಿಸಿ ತಾವೂ ಕಮಾಂಡೊ ಆಗುವ ಕನಸು ಕಾಣತೊಡಗಿದರೆ, ಕಾದಂಬರಿಯ ಹೊರಗಿರುವುದನ್ನೂ ತಿಳಿಯಬೇಕಾಗುತ್ತದೆ. 1962ರಲ್ಲಿ ಹುಟ್ಟಿದ ಸೀಲ್ ಪಡೆಗೆ ಸೇರಬಯಸುವವರು ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ ‘ನರಕದ ವಾರ’ ದಾಟಬೇಕು. ಐದೂವರೆ ದಿನ ತಣ್ಣನೆಯ ಅಲೆ, ಮರಳು, ಹೆಗಲ ಮೇಲೆ ದಿಮ್ಮಿ. ಅಷ್ಟೂ ದಿನಕ್ಕೆ ಸೇರಿ ಸಿಗುವ ನಿದ್ದೆ ಸುಮಾರು ನಾಲ್ಕು ಗಂಟೆ. ಆಗದು ಎಂದವರು ಹಿತ್ತಾಳೆಯ ಗಂಟೆಯನ್ನು ಮೂರು ಸಲ ಬಾರಿಸಿ ಹೊರಡಬಹುದು. ತರಬೇತಿಗೆ ಬಂದವರಲ್ಲಿ ಹೆಚ್ಚಿನವರು ಕೊನೆ ಮುಟ್ಟುವುದಿಲ್ಲ. 2022ರ ಫೆಬ್ರವರಿಯಲ್ಲಿ ಒಬ್ಬ ತರುಣ ಆ ವಾರವನ್ನು ಗೆದ್ದ ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಕಾದಂಬರಿಯ ನಾಯಕ ಸಾಮಾನ್ಯವಾಗಿ ಇದನ್ನೆಲ್ಲ ದಾಟಿಯೇ ಮೊದಲ ಪುಟಕ್ಕೆ ಬರುತ್ತಾನೆ. ಗಂಟೆ ಬಾರಿಸಿ ಮನೆಗೆ ಹೋದವನಿಗೆ ಅಲ್ಲಿ ಜಾಗ ಕಡಿಮೆ.

ಅಪ್ಪ ಅಮ್ಮಂದಿರಿಗೆ ಇನ್ನೊಂದು ಮಾತು. ಇವು ದೊಡ್ಡವರಿಗೆಂದೇ ಬರೆದ ಪುಸ್ತಕಗಳು, ಶೃಂಗಾರದ ಪುಟಗಳಿಗೆ ಬರವಿಲ್ಲ. ಹೈಸ್ಕೂಲು ಮಕ್ಕಳ ಚೀಲದಲ್ಲಿ ಇರತಕ್ಕವಲ್ಲ. ಪದವಿ ತರಗತಿಯ ಮಗಳ ದಿಂಬಿನಡಿ ಸಿಕ್ಕರೆ ಕಿತ್ತುಕೊಳ್ಳುವ ಮೊದಲು ‘ಕಥೆ ಏನಮ್ಮಾ?’ ಎಂದು ಕೇಳಬಹುದು. ಆಕೆ ಹೇಳುವುದು ಗುಂಡಿನ ಕಾಳಗವನ್ನೇ ಆಗಿರಬೇಕೆಂದಿಲ್ಲ. ‘ಅನ್‌ಸಂಗ್ ಹೀರೋ’ದಲ್ಲೇ ಇಬ್ಬರು ಮುದುಕರಿದ್ದಾರೆ, ಹಳೆಯ ಗೆಳೆಯರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಒಬ್ಬಳೇ ಹೆಣ್ಣನ್ನು ಇಬ್ಬರೂ ಪ್ರೀತಿಸಿದವರು. ಅವಸರದ ಓದುಗರು ಭಯೋತ್ಪಾದಕನ ಬೆನ್ನುಹತ್ತಿ ಹಾರಿಸಿಬಿಡುವುದು ಆ ಪುಟಗಳನ್ನೇ.