ಹಳಿ ಹಾಕುವುದು ಬೇರೆ, ಗಾಡಿ ಓಡಿಸುವುದು ಬೇರೆ

2023ರ ಫೆಬ್ರುವರಿ 27ರಂದು, ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆಯಾದ ದಿನವೇ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲು ಮಾರ್ಗಕ್ಕೂ ಶಂಕುಸ್ಥಾಪನೆ ನಡೆಯಿತು. ಮಾರ್ಗದ ಉದ್ದ ಸುಮಾರು 100 ಕಿಲೋಮೀಟರ್, ಅಂದಾಜು ವೆಚ್ಚ 990 ಕೋಟಿ ರೂಪಾಯಿ. ಮಲೆನಾಡನ್ನು ಬೆಂಗಳೂರು–ಮುಂಬಯಿ ಮುಖ್ಯ ಮಾರ್ಗಕ್ಕೆ ಜೋಡಿಸುವುದು ಯೋಜನೆಯ ಉದ್ದೇಶವೆಂದು ಅಂದು ಘೋಷಿಸಲಾಯಿತು. ಎಲ್ಲಿ ಸೇತುವೆ, ಎಷ್ಟು ಎಕರೆ, ಎಷ್ಟು ಪರಿಹಾರ ಎಂಬ ಚರ್ಚೆ ಶಿಕಾರಿಪುರದ ಹಳ್ಳಿಗಳಲ್ಲಿ ಸಾಕಷ್ಟು ನಡೆದಿದೆ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾವ ಸಭೆಯಲ್ಲೂ ಗಟ್ಟಿಯಾಗಿ ಕೇಳಿದಂತಿಲ್ಲ. ಈ ಹಳಿಯ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡುತ್ತವೆ, ಎಲ್ಲಿ ನಿಲ್ಲುತ್ತವೆ, ಯಾರನ್ನು ಹತ್ತಿಸಿಕೊಳ್ಳುತ್ತವೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಜಗತ್ತಿನ ನಗರಗಳ ಲಘು ರೈಲುಗಳ ಅನುಭವ ನೆರವಿಗೆ ಬರುತ್ತದೆ. ಲಘು ರೈಲು ಎಂದರೆ ಹಳೆಯ ಟ್ರಾಮಿನ ಹೊಸ ಅವತಾರ. ಎರಡು ಮೂರು ಬೋಗಿಗಳ ಸಣ್ಣ ಗಾಡಿ, ತಲೆಯ ಮೇಲೆ ವಿದ್ಯುತ್ ತಂತಿ, ರಸ್ತೆಯ ಮಟ್ಟದಲ್ಲೇ ಹಳಿ, ಹತ್ತಿರ ಹತ್ತಿರ ನಿಲುಗಡೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗಿನ ಪ್ರತಿರೋಧವು ಡಾಂಬರಿನ ಮೇಲೆ ರಬ್ಬರ್ ಚಕ್ರ ಉರುಳುವಾಗಿನದಕ್ಕಿಂತ ಬಹಳ ಕಡಿಮೆ. ಹೀಗಾಗಿ ಅಷ್ಟೇ ಜನರನ್ನು ಸಾಗಿಸಲು ಸಾಲುವ ಶಕ್ತಿಯೂ ಕಡಿಮೆ. ಬ್ರೇಕು ಹಾಕಿದಾಗ ಒಂದಿಷ್ಟು ವಿದ್ಯುತ್ತನ್ನು ತಂತಿಗೆ ಮರಳಿಸುವ ವ್ಯವಸ್ಥೆಯೂ ಇಂದಿನ ಗಾಡಿಗಳಲ್ಲಿದೆ. ಯುರೋಪಿನ ಹಲವು ಊರುಗಳಲ್ಲಿ ಹಳಿಗಳ ನಡುವೆ ಕಾಂಕ್ರೀಟಿನ ಬದಲು ಹುಲ್ಲು ಬೆಳೆಸಿದ್ದಾರೆ. ಬಿದ್ದ ಮಳೆ ಅಲ್ಲೇ ಇಂಗುತ್ತದೆ, ಸದ್ದೂ ತಗ್ಗುತ್ತದೆ.

ಒಂದು ಕಾಲದಲ್ಲಿ ಮುಂಬಯಿ, ಚೆನ್ನೈ, ದೆಹಲಿಗಳಲ್ಲೂ ಟ್ರಾಮುಗಳಿದ್ದವು. ಚೆನ್ನೈ 1953ರಲ್ಲಿ, ದೆಹಲಿ 1963ರಲ್ಲಿ, ಮುಂಬಯಿ 1964ರಲ್ಲಿ ಅವುಗಳಿಗೆ ವಿದಾಯ ಹೇಳಿದವು. ಅದೇ ದಶಕಗಳಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ನಗರಗಳೂ ಮೋಟಾರು ಕಾರಿಗೆ ದಾರಿ ಬಿಟ್ಟುಕೊಡಲು ಹಳಿಗಳನ್ನು ಕಿತ್ತುಹಾಕಿದವು. ಆದರೆ 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಗಾಳಿ ತಿರುಗಿತು. ಕೆನಡಾದ ಎಡ್ಮಂಟನ್‌ನಲ್ಲಿ 1978ರಲ್ಲಿ, ಕ್ಯಾಲ್ಗರಿಯಲ್ಲಿ 1981ರಲ್ಲಿ, ಮನಿಲಾದಲ್ಲಿ 1984ರಲ್ಲಿ, ಫ್ರಾನ್ಸಿನ ನಾಂತ್‌ನಲ್ಲಿ 1985ರಲ್ಲಿ ಹೊಸ ಲಘು ರೈಲುಗಳು ಓಡತೊಡಗಿದವು. ಟ್ರಾಮನ್ನು ಎಂದೂ ಪೂರ್ತಿ ಕೈಬಿಡದ ಮೆಲ್ಬರ್ನ್‌ನಲ್ಲಿ ಇಂದು ಸುಮಾರು 250 ಕಿಲೋಮೀಟರಿನ ಜಾಲವಿದ್ದು, ಅದು ಜಗತ್ತಿನಲ್ಲೇ ದೊಡ್ಡದೆನಿಸಿದೆ.

ಇವುಗಳಲ್ಲಿ ಮಲೆನಾಡಿಗೆ ಹೆಚ್ಚು ಪಾಠ ಹೇಳಬಲ್ಲದ್ದು ಜರ್ಮನಿಯ ಕಾರ್ಲ್ಸ್‌ರೂಹೆ. ಕಪ್ಪು ಅರಣ್ಯವೆಂಬ ಗುಡ್ಡಸಾಲಿನ ಅಂಚಿನಲ್ಲಿರುವ ಊರಿದು. ಸುತ್ತಲಿನ ಹಳ್ಳಿಗಳಿಂದ ರೈಲಿನಲ್ಲಿ ಬಂದವರು ಊರಾಚೆಯ ನಿಲ್ದಾಣದಲ್ಲಿ ಇಳಿದು ಮತ್ತೆ ಟ್ರಾಮ್ ಹತ್ತಬೇಕಿತ್ತು. 1992ರಲ್ಲಿ ಅಲ್ಲಿಯ ಎಂಜಿನಿಯರುಗಳು ಎರಡು ಬಗೆಯ ವಿದ್ಯುತ್ತಿನಲ್ಲೂ ಓಡಬಲ್ಲ ಗಾಡಿಯನ್ನು ಬ್ರೆಟನ್ ಎಂಬ ಸಣ್ಣ ಪಟ್ಟಣದ ಹಳೆಯ ರೈಲು ಹಳಿಯ ಮೇಲೆ ಇಳಿಸಿದರು. ಪೇಟೆಯ ಬೀದಿಯಲ್ಲಿ ಟ್ರಾಮು, ಊರು ದಾಟಿದ ಮೇಲೆ ರೈಲು. ಗಾಡಿ ಮಾತ್ರ ಒಂದೇ. ನಿಲುಗಡೆಗಳ ಸಂಖ್ಯೆ ಹೆಚ್ಚಿತು, ಗಾಡಿಗಳ ನಡುವಿನ ಅಂತರ ಇಳಿಯಿತು, ಪ್ರಯಾಣಿಕರು ಹಲವು ಪಟ್ಟು ಹೆಚ್ಚಿದರು. ಮುಂದೆ ಗುಡ್ಡದೊಳಗಿನ ಕಣಿವೆಯ ಊರುಗಳಿಗೂ ಈ ಗಾಡಿ ಹೋಯಿತು. ಗಮನಿಸಬೇಕಾದದ್ದು ಇಷ್ಟೇ: ಹಳಿ ಅಲ್ಲಿ ಮೊದಲೇ ಇತ್ತು. ಬದಲಾದದ್ದು ಓಡಿಸುವ ಕ್ರಮ.

ಇದಕ್ಕೆ ವಿರುದ್ಧ ದಿಕ್ಕಿನ ಪಾಠ ಇಥಿಯೋಪಿಯದ ಅಡಿಸ್ ಅಬಾಬದಲ್ಲಿದೆ. ಸಮುದ್ರಮಟ್ಟದಿಂದ 2,300 ಮೀಟರಿಗೂ ಮೇಲಿರುವ ಆ ನಗರದಲ್ಲಿ 2015ರಲ್ಲಿ ಲಘು ರೈಲು ಆರಂಭವಾಯಿತು. ಚೀನಾದ ಸಾಲ, ಚೀನಾದ ಕಂಪನಿ, ಚೀನಾದ ಗಾಡಿ. ಎರಡು ಮಾರ್ಗಗಳು, 41 ಗಾಡಿಗಳು. ಬಡವರಿಗೂ ಎಟುಕುವ ದರವಿದ್ದುದರಿಂದ ಜನ ಕಿಕ್ಕಿರಿದು ಹತ್ತಿದರು. ಆದರೆ ಬಿಡಿಭಾಗಗಳನ್ನು ತರಿಸಲು ವಿದೇಶಿ ವಿನಿಮಯವಿಲ್ಲ, ಟಿಕೆಟ್ಟಿನ ಆದಾಯ ನಿರ್ವಹಣೆಗೆ ಸಾಲದು, ಮೇಲಿಂದ ಮೇಲೆ ವಿದ್ಯುತ್ ಕಡಿತ. ಕೆಲವೇ ವರ್ಷಗಳಲ್ಲಿ ಬಹಳಷ್ಟು ಗಾಡಿಗಳು ಷೆಡ್ಡು ಸೇರಿದವು. ಹಳಿ ಇದೆ, ಜನ ಇದ್ದಾರೆ, ಗಾಡಿ ಇಲ್ಲ. 1902ರಿಂದ ವಿದ್ಯುತ್ ಟ್ರಾಮ್ ಓಡಿಸುತ್ತ ಬಂದ ಕೋಲ್ಕತ್ತದಲ್ಲೂ ದಶಕಗಳ ನಿರ್ಲಕ್ಷ್ಯದ ಬಳಿಕ, ಪಾರಂಪರಿಕ ಗುರುತಿಗೆಂದು ಮೈದಾನದ ಒಂದು ಸಣ್ಣ ಮಾರ್ಗವನ್ನು ಉಳಿಸಿ ಮಿಕ್ಕವನ್ನು ನಿಲ್ಲಿಸುವುದಾಗಿ 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಹೇಳಿತು.

ಹಾಗಾದರೆ ಓಡಿಸುವ ಖರ್ಚನ್ನು ಹೊರುವವರು ಯಾರು? ಜಗತ್ತಿನ ಬಹುಪಾಲು ಲಘು ರೈಲುಗಳು ಟಿಕೆಟ್ಟಿನ ಹಣದಿಂದಷ್ಟೇ ಬದುಕಿಲ್ಲ. ಫ್ರಾನ್ಸಿನಲ್ಲಿ 1971ರಿಂದ ಒಂದು ಪದ್ಧತಿಯಿದೆ. ನಿಗದಿತ ಸಂಖ್ಯೆಗಿಂತ ಹೆಚ್ಚು ಕೆಲಸಗಾರರನ್ನು ಇಟ್ಟುಕೊಂಡ ಸಂಸ್ಥೆಗಳು ಸಂಬಳದ ಮೊತ್ತದ ಮೇಲೆ ಸಾರಿಗೆ ತೆರಿಗೆ ಕೊಡಬೇಕು. ಮೊದಲು ಪ್ಯಾರಿಸ್ ಪ್ರಾಂತ್ಯದಲ್ಲಿ ಜಾರಿಗೆ ಬಂದ ಈ ತೆರಿಗೆ ಬಳಿಕ ಉಳಿದ ನಗರಗಳಿಗೂ ಹಬ್ಬಿತು. ಕೆಲಸಗಾರ ಹೊತ್ತಿಗೆ ಸರಿಯಾಗಿ ಬರುವುದರಿಂದ ಲಾಭ ಪಡೆಯುವವನು ಮಾಲೀಕ, ಆದ್ದರಿಂದ ಖರ್ಚಿನಲ್ಲೂ ಅವನ ಪಾಲಿರಬೇಕು ಎಂಬುದು ಅದರ ಹಿಂದಿನ ನ್ಯಾಯ. ಕ್ಯಾಲ್ಗರಿಯವರು 2001ರಿಂದ ತಮ್ಮ ಗಾಡಿಗಳಿಗೆ ಪವನ ವಿದ್ಯುತ್ತನ್ನೇ ಕೊಂಡರು. ಸ್ಟ್ರಾಸ್‌ಬರ್ಗ್‌ನಲ್ಲಿ ನೆಲದಡಿಯ ಮೆಟ್ರೋ ಬೇಕೋ ನೆಲದ ಮೇಲಿನ ಟ್ರಾಮ್ ಬೇಕೋ ಎಂಬುದೇ 1989ರ ನಗರಸಭಾ ಚುನಾವಣೆಯ ವಿಷಯವಾಯಿತು. ಟ್ರಾಮಿನ ಪರವಿದ್ದ ಕ್ಯಾಥರೀನ್ ಟ್ರಾಟ್‌ಮನ್ ಗೆದ್ದರು, 1994ರಲ್ಲಿ ಟ್ರಾಮ್ ಓಡಿತು. ಸಾರಿಗೆಯ ಆಯ್ಕೆ ಎಂಜಿನಿಯರರ ಮೇಜಿಗಷ್ಟೇ ಸೇರಿದ್ದಲ್ಲ, ಮತದಾರರ ಕಟ್ಟೆಗೂ ಸೇರಿದ್ದು.

ಕರ್ನಾಟಕದ ರಾಜಧಾನಿ ಆರಿಸಿಕೊಂಡದ್ದು ಭಾರಿ ಕಂಬಗಳ ಮೆಟ್ರೋವನ್ನು. 2011ರ ಅಕ್ಟೋಬರ್ 20ರಂದು ಆರಂಭವಾದ ನಮ್ಮ ಮೆಟ್ರೋ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದ ಮೇಲೆ ಸುಮಾರು 96 ಕಿಲೋಮೀಟರ್ ಆಯಿತು. 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಓಡಿಸುವ ಖರ್ಚನ್ನು ಪ್ರಯಾಣಿಕನ ತಲೆಗೇ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ. ನಗರದ ರೈಲಿಗೆ ಬೇಕಾದ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮನೆ ಗದ್ದೆ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಈ ಜಿಲ್ಲೆಯ ತಾಲ್ಲೂಕುಗಳಲ್ಲೇ ಇದ್ದಾರೆ. ನಗರದ ಸಂಜೆಯ ಬೇಡಿಕೆಗೆಂದು 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ ಸಿಂಗಳೀಕದ ಕಾಡಿನೊಳಗೇ ರೂಪಿಸಲಾಗಿದೆ. ಕಾರಿಗಿಂತ ರೈಲು ಲೇಸು ಎಂಬುದು ನಿಜ. ಆದರೆ ರೈಲಿನ ವಿದ್ಯುತ್ತಿಗೂ ಒಂದು ಕಾಡು, ಒಂದು ಹೊಳೆ ಬೆಲೆ ತೆರುತ್ತದೆ ಎಂಬುದೂ ಅಷ್ಟೇ ನಿಜ.

ಮಲೆನಾಡಿಗೆ ಲಘು ರೈಲು ಹೊಸದೇನಲ್ಲ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ಅದರ ಟ್ರಾಮ್ ಹಳಿಗಳು ಕಾಡಿನೊಳಕ್ಕೆ ಚಾಚಿಕೊಂಡವು. ಆ ಕಾರ್ಖಾನೆಯ ಊದುಕುಲುಮೆ ಉರಿಯುತ್ತಿದ್ದದ್ದು ಇದ್ದಲಿನಿಂದ; ಇದ್ದಲು ಆಗುತ್ತಿದ್ದದ್ದು ಈ ಕಾಡಿನ ಮರದಿಂದ. ಮೆಲ್ಬರ್ನ್‌ನಲ್ಲಿ ಜನರನ್ನು ಪೇಟೆಗೆ ಒಯ್ದಂತಹ ಸಣ್ಣ ಗಾಡಿಯೇ ಇಲ್ಲಿ ಕಾಡನ್ನು ಕುಲುಮೆಗೆ ಒಯ್ದಿತು. ಮರ ಮುಗಿದಲ್ಲಿ ಹಳಿಯ ಕೆಲಸವೂ ಮುಗಿಯಿತು. ಹಳಿ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದು ಏನನ್ನು ಹೊತ್ತು ಯಾವ ದಿಕ್ಕಿಗೆ ಸಾಗುತ್ತದೆ ಎಂಬುದೇ ನಿರ್ಧರಿಸುತ್ತದೆ.

ಜನರಿಗಾಗಿ ಓಡಿದ ಗಾಡಿಯ ನೆನಪೂ ಜಿಲ್ಲೆಯಲ್ಲಿದೆ. ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೀಟರ್ ಗೇಜ್ ಆಗಿದ್ದ ಕೊನೆಯ ವರ್ಷಗಳಲ್ಲಿ ಅಲ್ಲಿ ರೈಲುಬಸ್ಸು ಓಡುತ್ತಿತ್ತು. ಒಂದೇ ಬೋಗಿಯ ಆ ಗಾಡಿ ವೇಗದ್ದಲ್ಲ, ಅಂದದ್ದೂ ಅಲ್ಲ. ಆದರೆ ಸಣ್ಣ ನಿಲ್ದಾಣಗಳ ಜನರನ್ನು ಬಿಟ್ಟು ಓಡುವಂಥದ್ದಾಗಿರಲಿಲ್ಲ. 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಬಂದಿತು, ಬೆಂಗಳೂರು ಹತ್ತಿರವಾಯಿತು. ದೂರದ ಊರು ಹತ್ತಿರವಾದಷ್ಟು ಪಕ್ಕದ ಊರು ಹತ್ತಿರವಾಯಿತೇ ಎಂದು ದಿನವೂ ಕಾಲೇಜಿಗೆ ಓಡಾಡುವ ವಿದ್ಯಾರ್ಥಿಗಳನ್ನು ಕೇಳಬೇಕು. ಹಾಗೆಯೇ ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕೂಡಿ ಕಟ್ಟಿದ ಸಹಕಾರ ಸಾರಿಗೆ, ಕಾಡುದಾರಿಯ ಹಳ್ಳಿಗಳಿಗೂ ಬಸ್ಸು ಮುಟ್ಟಿಸಿ, 2020ರಲ್ಲಿ ನಷ್ಟ ತಾಳಲಾರದೆ ನಿಂತುಹೋಯಿತು. ಓಡಿಸಬಲ್ಲವರು ಇದ್ದರೂ ಓಡಿಸುವ ಖರ್ಚಿಗೆ ಸಮಾಜ ಹೆಗಲು ಕೊಡದಿದ್ದರೆ ಚಕ್ರ ನಿಲ್ಲುತ್ತದೆ.

ಈ ಬೆಳಕಿನಲ್ಲಿ ಶಿಕಾರಿಪುರ ಮತ್ತು ಸೊರಬವನ್ನು ನೋಡಬೇಕು. ಶಿಕಾರಿಪುರದ ರೈತನ ಹೊಲ ಗದ್ದೆ ತೋಟಗಳ ನಡುವೆ ಹಳಿ ಹಾಯುತ್ತದೆ. ನೆರೆಯ ಸೊರಬಕ್ಕೆ ಹಳಿಯೇ ಇಲ್ಲ; ಆ ತಾಲ್ಲೂಕಿನ ಜನ ರೈಲು ಹತ್ತಲು ಸಾಗರಕ್ಕೋ ತಾಳಗುಪ್ಪಕ್ಕೋ ಹೋಗಬೇಕು. ಮುಂಜಾನೆ ಒಂದು, ರಾತ್ರಿ ಒಂದು ಎಕ್ಸ್‌ಪ್ರೆಸ್ ಗಾಡಿ ಬೆಂಗಳೂರಿನತ್ತ ಓಡಿದರೆ ಈ ಹಳಿ ಒಯ್ಯುವುದು ಬಹುಮಟ್ಟಿಗೆ ಹಳ್ಳಿಯ ಹರೆಯವನ್ನು. ಅದರ ಬದಲು ಶಿವಮೊಗ್ಗ–ಶಿಕಾರಿಪುರದ ನಡುವಿನ 50 ಕಿಲೋಮೀಟರಿನಷ್ಟು ದೂರದಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಣ್ಣ ವಿದ್ಯುತ್ ಗಾಡಿಗಳು, ಅಂದರೆ ರೈಲ್ವೆಯವರು ಬೇರೆಡೆ ಓಡಿಸುತ್ತಿರುವ ಮೆಮು ಗಾಡಿಗಳು, ನಿಗದಿತ ಹೊತ್ತಿಗೆ ಓಡಿದರೆ ಮಾತು ಬೇರೆ. ವಿದ್ಯಾರ್ಥಿನಿ ಹಾಸ್ಟೆಲ್ಲಿನ ಹಂಗಿಲ್ಲದೆ ಓದಬಹುದು. ರೋಗಿ ಜಿಲ್ಲಾಸ್ಪತ್ರೆಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಸೊಪ್ಪು, ಹೂವು, ಸೊರಬದ ಅನಾನಸು ಬಾಡುವ ಮುನ್ನ ಪೇಟೆ ಕಾಣಬಹುದು. ಗಾಡಿಯ ವೇಳೆಗೆ ಹೊಂದಿಸಿ ಸೊರಬ, ಆನವಟ್ಟಿ, ಶಿರಾಳಕೊಪ್ಪಗಳಿಂದ ಬಸ್ಸು ಬಿಟ್ಟರೆ ಹಳಿಯಿಲ್ಲದ ತಾಲ್ಲೂಕಿಗೂ ಹಳಿಯ ಫಲ ತಲುಪುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ ಅನ್ವಯ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಈ ಸೀಮೆಯಲ್ಲಿ ಅಂತಹ ಜೋಡಣೆಯ ಬಸ್ಸು ಹೆಣ್ಣುಮಕ್ಕಳಿಗೆ ಎರಡು ಪಟ್ಟು ಉಪಕಾರ.

ಎರಡನೆಯ ಮಾತು ನೀರಿನದು. ಶಿಕಾರಿಪುರ ಕೆರೆಗಳ ಸೀಮೆ. ಒಂದು ಕೆರೆಯ ಕೋಡಿ ಇನ್ನೊಂದರ ಒಡಲು ತುಂಬುವಂತೆ ಹಿರಿಯರು ನೆಲದ ಇಳಿಜಾರು ನೋಡಿ ಕಟ್ಟಿದ ಸರಣಿಗಳವು. ಎತ್ತರದ ಮಣ್ಣಿನ ಏರಿಯ ಮೇಲೆ ರೈಲು ಹಳಿ ಹಾಯುವಾಗ ನಕ್ಷೆಯಲ್ಲಿ ಕಾಣುವ ಹಳ್ಳಕ್ಕೆ ಮೋರಿ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಹರಿಯುವ, ಹೆಸರಿಲ್ಲದ ನೀರುದಾರಿಗೆ ಮೋರಿ ಸಿಗದಿರುವ ಅಪಾಯ ಹೆಚ್ಚು. ಆಗ ಏರಿಯ ಮೇಲುಭಾಗದ ಜೋಳ, ಶುಂಠಿ ನೀರು ನಿಂತು ಕೊಳೆಯುತ್ತದೆ. ಕೆಳಭಾಗದ ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ನೀರಿಲ್ಲದೆ ಜೊಳ್ಳಾಗುತ್ತದೆ. ಇಂತಹ ದಾರಿಗಳನ್ನು ಬಲ್ಲವರು ಆ ಹೊಲದಲ್ಲಿ ದುಡಿದವರು. ಹಳಿ ಹಾಯುವ ಪ್ರತಿ ಗ್ರಾಮದ ಯುವಕರೂ ವಿದ್ಯಾರ್ಥಿಗಳೂ ಮಳೆಗಾಲದಲ್ಲಿ ನೀರು ಹರಿಯುವ ಜಾಗಗಳನ್ನು ಸರ್ವೆ ನಂಬರ್ ಸಹಿತ ಗುರುತಿಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ರೈಲ್ವೆಗೂ ಜಿಲ್ಲಾಧಿಕಾರಿಗೂ ಸಲ್ಲಿಸಬೇಕು. ಏರಿ ಕಟ್ಟುವ ಮುನ್ನ ಒಂದು ಮೋರಿ ಕೇಳುವುದು ಸುಲಭ. ಕಟ್ಟಿದ ಮೇಲೆ ಏರಿಯನ್ನು ಅಗೆಸುವುದು ಕಷ್ಟ.

ಅದೇ ಗ್ರಾಮಸಭೆಯ ಠರಾವಿನಲ್ಲಿ ವೇಳಾಪಟ್ಟಿಯೂ ಸೇರಲಿ. ಯಾವ ಊರಿನಿಂದ ಎಷ್ಟು ಮಂದಿ, ಎಷ್ಟು ಹೊತ್ತಿಗೆ, ಎಲ್ಲಿಗೆ ಓಡಾಡುತ್ತಾರೆ ಎಂಬ ಲೆಕ್ಕವನ್ನು ಕಾಲೇಜು ವಿದ್ಯಾರ್ಥಿಗಳು ಒಂದು ವಾರ ಬಸ್ ನಿಲ್ದಾಣದಲ್ಲಿ ನಿಂತರೆ ಬರೆದುಕೊಳ್ಳಬಹುದು. ಕಾರ್ಲ್ಸ್‌ರೂಹೆಯ ಎಂಜಿನಿಯರರು ಕೇಳಿದ್ದೂ ಇಂತಹವೇ ಪ್ರಶ್ನೆಗಳನ್ನು.

ನೆಲ ಕೊಟ್ಟವನಿಗೆ ಪರಿಹಾರದ ಹಣ ಒಮ್ಮೆ ಬರುತ್ತದೆ, ಖರ್ಚಾಗುತ್ತದೆ. ಗಾಡಿ ನಿಂತು ಹತ್ತಿಸಿಕೊಂಡರೆ ಆ ನೆಲದ ಋಣ ದಿನವೂ ಅಷ್ಟಷ್ಟು ತೀರುತ್ತದೆ. ಹಳಿಯ ಪಕ್ಕದ ಹಳ್ಳಿಯಲ್ಲಿ ರೈಲು ನಿಲ್ಲುವುದು ಸರ್ಕಾರ ತೋರುವ ಔದಾರ್ಯವಲ್ಲ, ಆ ಹಳ್ಳಿ ಮುಂಗಡ ತೆತ್ತು ಪಡೆದ ಹಕ್ಕು. ಹಳಿ ಬೀಳುವ ಮೊದಲೇ ಆ ಹಕ್ಕನ್ನು ಬರೆಸಿಕೊಳ್ಳುವ ಕೆಲಸ ಶಿಕಾರಿಪುರ ಮತ್ತು ಸೊರಬದ ಗ್ರಾಮಸಭೆಗಳದು.