ದೋಣಿಯ ಲೆಕ್ಕ, ದ್ವೀಪದ ಲೆಕ್ಕ

ಚರ್ಚೆಯ ವಿಷಯ: ಕಡಲ ಗುಹೆಗಳಿಗೂ ಸಮೀಪದ ದ್ವೀಪಗಳಿಗೂ ಸಣ್ಣ ತಂಡಗಳ ದೋಣಿಯಾನವನ್ನು ಪ್ರೋತ್ಸಾಹಿಸಬೇಕೆ?

ಅಡಿಕೆಯ ಕೊಯ್ಲು ಒಂದು ಹದಕ್ಕೆ ಬಂದು, ಅಂಗಳದ ತುಂಬ ಹರವಿದ ಅಡಿಕೆ ಬಿಸಿಲು ಕಾಯುತ್ತಿರುವ ಮಾಘಮಾಸದ ದಿನಗಳಲ್ಲಿ, ಗುತ್ತಿಗಾರಿನ ಪೇಟೆಯಲ್ಲಿ ನಾಲ್ವರು ಕೂಡಿದರೆಂದರೆ ಯಾತ್ರೆಯ ಮಾತು ಹುಟ್ಟುವುದು ವಾಡಿಕೆ. ಈ ಸಲ ಆ ಮಾತು ಕ್ಷೇತ್ರಗಳ ದಾರಿಯನ್ನು ಬಿಟ್ಟು ಪಡುವಣ ಕಡಲಿನತ್ತ ತಿರುಗಿತು: ಹನ್ನೆರಡು ಮಂದಿಯ ಒಂದು ತಂಡ, ಬಾಡಿಗೆಯ ಒಂದು ದೋಣಿ, ಮೊದಲ ದಿನ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಗಳು, ಮರುದಿನ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದ ಬಂಡೆಗೋಡೆಗಳು. ಮಾತು ನಿಶ್ಚಯಕ್ಕೆ ಬರುವ ಮುನ್ನವೇ ಇಬ್ಬರು ಮಿತ್ರರು ಎರಡು ಪಕ್ಷಗಳನ್ನು ಹಿಡಿದುದರಿಂದ, ಅವರವರ ವಾದವನ್ನು ಅವರವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದೆ.

ಪರ: ಕಾಣದುದರ ಮೇಲೆ ಮಮತೆ ಎಲ್ಲಿಯದು?

ನಾವು ಮಲೆಯ ಮಗ್ಗುಲಿನಲ್ಲಿ ಬಾಳುವವರು. ನೀರೆಂಬುದು ನಮಗೆ ಇಂದಿನವರೆಗೂ ದಾಟತಕ್ಕ ವಸ್ತುವಾಗಿತ್ತೇ ಹೊರತು ನೋಡತಕ್ಕ ವಸ್ತುವಾಗಿರಲಿಲ್ಲ. ತೋಡಿಗೆ ಅಡಿಕೆಮರದ ಸಂಕ, ಹೊಳೆಗೆ ದೋಣಿ, ಮಳೆಗಾಲದಲ್ಲಿ ಎರಡೂ ಇಲ್ಲದೆ ಮನೆಯಲ್ಲಿಯೇ ವಾಸ, ಇದು ನಮ್ಮ ಹಿರಿಯರ ಅನುಭವ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ತೂಗುಸೇತುವೆಯನ್ನು ಕಟ್ಟಿ, ಆ ಬಳಿಕ ಅಂತಹ ಸೇತುವೆಗಳು ಊರೂರಿಗೆ ಬಂದ ಮೇಲೆ, ದೋಣಿ ಹತ್ತುವ ಅಗತ್ಯವೇ ನಮಗೆ ತಪ್ಪಿಹೋಯಿತು. ಆದರೆ ನಮ್ಮ ಬೆಟ್ಟಗಳ ಬುಡದಿಂದ ಹರಿಯುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯಲ್ಲಿ ಕಡಲನ್ನು ಸೇರುತ್ತಿದೆಯಷ್ಟೆ. ಆಷಾಢದ ಕೆನ್ನೀರಿನೊಡನೆ ನಮ್ಮ ತೋಟದ ಮಣ್ಣೂ ಅಲ್ಲಿಗೇ ಹೋಗಿ ಸೇರುವಾಗ, ಆ ಮಣ್ಣು ಹೋದ ಎಡೆಯನ್ನು ಒಮ್ಮೆಯಾದರೂ ಕಣ್ಣಾರೆ ಕಂಡು ಬರಬೇಕೆಂಬ ಕುತೂಹಲವು ವ್ಯರ್ಥವಿಲಾಸವೆಂದು ನನಗೆ ತೋರುವುದಿಲ್ಲ. 1902ರಲ್ಲಿ ಕಡಲಿಗೆ ಹತ್ತಿರದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ನಮ್ಮ ಸೀಮೆಯ ಕಾಡುಗಳಲ್ಲಿ ಅಲೆದು, 1943ರಲ್ಲಿ 'ಬೆಟ್ಟದ ಜೀವ'ವನ್ನು ಪ್ರಕಟಿಸಿದರು. ಕರಾವಳಿಯವರು ಬೆಟ್ಟವನ್ನು ಕಂಡಾಯಿತು. ಬೆಟ್ಟದವರು ಕಡಲನ್ನು ಕಾಣುವ ಸರದಿ ಇನ್ನೂ ಬಾಕಿಯಿದೆ.

ಅಲ್ಲಿ ಕಾಣತಕ್ಕುದೇನು ಎಂದರೆ, ಪಾಠಪುಸ್ತಕವು ಹತ್ತು ಪುಟಗಳಲ್ಲಿ ಹೇಳಲಾರದ ವಿಷಯ. ತೋನ್ಸೆಪಾರ್ ಎಂದು ಹಳಬರು ಕರೆಯುವ ಮಲ್ಪೆಯ ದ್ವೀಪಗಳಲ್ಲಿ, ಬಡಗಿಯು ನೂಲು ಹಿಡಿದು ಕೆತ್ತಿ ನಿಲ್ಲಿಸಿದನೋ ಎಂಬಂತೆ ಐದು, ಆರು, ಏಳು ಮುಖಗಳ ಶಿಲಾಸ್ತಂಭಗಳು ಒಂದಕ್ಕೊಂದು ಒತ್ತಿ ನಿಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದ ಭೂಭಾಗದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಶಿಲಾರಸವು ಮೆಲ್ಲಮೆಲ್ಲನೆ ಆರಿ, ಆರುವಾಗ ಕುಗ್ಗಿ, ಬೇಸಗೆಯ ಗದ್ದೆಯ ಕೆಸರು ಬಿರಿಯುವಂತೆ ಬಿರಿದುದರ ಫಲ ಅದು. ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿ ಇಂತಹವೇ ಸ್ತಂಭಗಳ ನಡುವೆ ಕಡಲು ಒಂದು ಗುಹೆಯನ್ನು ಕೊರೆದಿದೆ. 1829ರಲ್ಲಿ ಆ ದ್ವೀಪಕ್ಕೆ ಹೋಗಿದ್ದ ಸಂಗೀತಕಾರ ಮೆಂಡೆಲ್‌ಸೋನನ 'ಹೆಬ್ರಿಡೀಸ್' ಎಂಬ ಕೃತಿಗೆ ಆ ಗುಹೆಯ ಹೆಸರೂ ಅಂಟಿಕೊಂಡು ಉಳಿದಿದೆ. ಅಲೆಯು ಬಂಡೆಯ ಬಿರುಕನ್ನು ಹೊಕ್ಕು ಒಳಗಿನ ಗಾಳಿಯನ್ನು ಅಮುಕಿ, ಹಿಂದೆ ಸರಿದಾಗ ಆ ಗಾಳಿ ಒಮ್ಮೆಲೆ ಹಿಗ್ಗಿ ಕಲ್ಲನ್ನು ಸಡಿಲಿಸುವ, ಯುಗಯುಗಗಳಿಂದ ನಡೆದ ಈ ಶಿಲ್ಪಕಾರ್ಯವನ್ನು ದೋಣಿಯಲ್ಲಿ ಕುಳಿತು ಕಿವಿಯಿಂದ ಕೇಳಬೇಕೇ ಹೊರತು ಬೇರೆ ಉಪಾಯವಿಲ್ಲ.

ದ್ವೀಪಯಾತ್ರೆಯು ಹೊಸಕಾಲದ ಶೋಕಿಯೆಂದು ಆಕ್ಷೇಪಿಸುವವರು ಮೀನುಗಾರರ ರೂಢಿಯನ್ನು ಮರೆಯುತ್ತಾರೆ. ನೇತ್ರಾಣಿಯಲ್ಲಿ ಇಂದಿಗೂ ತಿರುಗಾಡುವ ಆಡುಗಳು ಹರಕೆಯವರು ದೋಣಿಯಲ್ಲಿ ಒಯ್ದು ಬಿಟ್ಟವುಗಳ ಸಂತತಿ. ಕಾರವಾರದ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ಭಕ್ತರು ದೋಣಿಯೇರಿಯೇ ಹೋಗುತ್ತಾರೆ. ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು 2019ರ ಜನವರಿ 21ರಂದು ಮಗುಚಿ 16 ಮಂದಿ ಅಸುನೀಗಿದ ದುರಂತವನ್ನು ನನ್ನ ಪ್ರತಿಪಕ್ಷದ ಮಿತ್ರರು ಎತ್ತಿಯಾರು. ನಾನೇ ಮೊದಲು ಎತ್ತುತ್ತೇನೆ: ಆ ದೋಣಿಯಲ್ಲಿ ಹಿಡಿಯತಕ್ಕುದಕ್ಕಿಂತ ಹೆಚ್ಚು ಜನರಿದ್ದರೆಂದು ಅಂದು ವರದಿಯಾಗಿತ್ತು. ಹಾಗಿದ್ದ ಮೇಲೆ ಆ ದುರ್ಘಟನೆಯು ದೋಣಿಯಾನದ ವಿರುದ್ಧ ಸಾಕ್ಷಿ ನುಡಿಯುವುದಿಲ್ಲ, ಜನದಟ್ಟಣೆಯ ವಿರುದ್ಧ ನುಡಿಯುತ್ತದೆ. ಹನ್ನೆರಡೇ ಮಂದಿ ಇರುವಲ್ಲಿ ಪ್ರತಿಯೊಬ್ಬನಿಗೂ ಲೈಫ್ ಜಾಕೆಟ್ಟು ಇದೆಯೇ ಎಂದು ಕಣ್ಣಳತೆಯಲ್ಲೇ ನೋಡಬಹುದು. ದೋಣಿ ನಡೆಸುವ ತಾಂಡೇಲನು ಹೇಳಿದ ಮಾತು ಕಡೆಯವನ ಕಿವಿಗೂ ಬೀಳುತ್ತದೆ. ಮೊಗವೀರರ ಮನೆಗೆ ನಾಲ್ಕು ಕಾಸು ನೇರವಾಗಿ ಸೇರುತ್ತದೆ.

ಕಡೆಯದಾಗಿ ಒಂದು ಮಾತು. ನೇತ್ರಾಣಿಯು ಬಹುಕಾಲ ನೌಕಾಪಡೆಯ ಗುರಿಯಭ್ಯಾಸಕ್ಕೆ ಒಳಗಾಗಿತ್ತು. ಅಲ್ಲಿ ಹವಳವಿದೆ, ಬಿಳಿಹೊಟ್ಟೆಯ ಕಡಲ ಗಿಡುಗಗಳ ಗೂಡುಗಳಿವೆ, ಅದನ್ನು ಹಾಳುಗೆಡವಬಾರದು ಎಂದು ದನಿಯೆತ್ತಿದವರು ಯಾರು? ಅಲ್ಲಿಗೆ ಹೋಗಿ ನೋಡಿಬಂದವರೇ ಅಲ್ಲವೆ! ಕಾಣದುದನ್ನು ಕಾಪಾಡೆಂದರೆ ಯಾವ ಮನುಷ್ಯನು ಕಾಪಾಡಿಯಾನು?

ವಿರೋಧ: ಹನಿ ಹನಿ ಕೂಡಿದರೆ ಹಳ್ಳ

ಮಿತ್ರರ ಮಾತನ್ನು ನಾನು ಸಂತೋಷದಿಂದಲೇ ಕೇಳಿದೆ. ಕಡಲನ್ನು ಕಾಣಬೇಕೆಂಬ ಅವರ ಹಂಬಲದಲ್ಲಿ ದೋಷವಿದೆಯೆಂದು ನಾನು ಹೇಳುವವನಲ್ಲ. ನನ್ನ ತಕರಾರೆಲ್ಲವೂ 'ಸಣ್ಣ' ಎಂಬ ಒಂದು ವಿಶೇಷಣದ ಮೇಲೆ. ಸಣ್ಣದೆಂಬುದು ಯಾರ ಅಳತೆಯಿಂದ? ದೋಣಿಯಲ್ಲಿ ಕುಳಿತವನು ಸುತ್ತ ನೋಡಿ, ಹನ್ನೆರಡು ತಲೆಗಳನ್ನೆಣಿಸಿ, ತಾವು ಸ್ವಲ್ಪವೇ ಮಂದಿಯೆಂದು ಸಮಾಧಾನಪಡುತ್ತಾನೆ. ಹೆಬ್ಬಂಡೆಯ ಮೇಲೆ ಗೂಡು ಕಟ್ಟಿದ ಹಕ್ಕಿಯು ಎಣಿಸುವುದು ಹಾಗಲ್ಲ. ಬೆಳಗಿನಿಂದ ಬೈಗಿನವರೆಗೆ ಬಂದ ದೋಣಿಗಳನ್ನೆಲ್ಲ ಅದು ಒಟ್ಟಾಗಿ ಎಣಿಸುತ್ತದೆ.

ಈ ಪಾಠವನ್ನು ಕಲಿಯಲು ನಾವು ಕಡಲಿಗೆ ಹೋಗಬೇಕಾದುದಿಲ್ಲ, ಸುಬ್ರಹ್ಮಣ್ಯದ ಮೇಲೆ ನಿಂತಿರುವ ಕುಮಾರಪರ್ವತವನ್ನು ನೋಡಿದರೆ ಸಾಕು. 1712 ಮೀಟರು ಎತ್ತರದ ಆ ಶಿಖರಕ್ಕೆ ಹೋದವರಲ್ಲಿ ದೊಡ್ಡ ಗುಂಪು ಕಟ್ಟಿಕೊಂಡು ಹೋದವರು ಎಷ್ಟು ಮಂದಿ? ಇಬ್ಬರು ಗೆಳೆಯರು, ಐವರು ಸಹೋದ್ಯೋಗಿಗಳು, ಎಂಟು ಜನ ವಿದ್ಯಾರ್ಥಿಗಳು, ಎಲ್ಲವೂ ಸಣ್ಣ ತಂಡಗಳೇ. ಆದರೆ 2024ರ ಜನವರಿಯ ಕೊನೆಯಲ್ಲಿ, ರಜೆಗಳು ಕೂಡಿಬಂದಾಗ, ಆ ಸಣ್ಣ ತಂಡಗಳೆಲ್ಲ ಒಂದೇ ದಾರಿಯಲ್ಲಿ ಸಂಧಿಸಿ ತೇರಿನ ದಿನದ ರಥಬೀದಿಯಂತೆ ಕಿಕ್ಕಿರಿದ ಚಿತ್ರಗಳು ನಾಡೆಲ್ಲ ಹರಿದಾಡಿದವು. ಚಾರಣಕ್ಕೆ ತಡೆ ಬಿದ್ದು, ಮುಂದೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸತಕ್ಕದ್ದು, ದಿನಕ್ಕಿಷ್ಟೇ ಮಂದಿ ಎಂಬ ನಿಯಮವು ಬಂದಿತು. ಒಬ್ಬೊಬ್ಬರೂ ನಿರಪರಾಧಿಗಳು, ಒಟ್ಟಾದುದು ಮಾತ್ರ ಅಪರಾಧ! ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯದ ವಿಷಯದಲ್ಲಿ ಮಾತ್ರ ನೆನೆಯುತ್ತೇವೆ. ಸವಕಳಿಯ ವಿಷಯದಲ್ಲಿಯೂ ಅದು ಅಷ್ಟೇ ನಿಜ.

ಕಡಲಿನ ದೃಷ್ಟಾಂತವೇ ಬೇಕೆಂದರೆ, ಇಟಲಿಯ ಕ್ಯಾಪ್ರಿ ದ್ವೀಪದ ನೀಲಿಗುಹೆಯನ್ನು ನೆನೆಯಬಹುದು. ಅದರ ಬಾಯಿ ಎಷ್ಟು ತಗ್ಗೆಂದರೆ, ಮೂರು ನಾಲ್ಕು ಜನರ ಹುಟ್ಟುದೋಣಿಯಲ್ಲಿ ಮೈಚಾಚಿ ಮಲಗಿದವರಿಗೆ ಮಾತ್ರ ಒಳಗೆ ಪ್ರವೇಶ. ಅದಕ್ಕಿಂತ ಸಣ್ಣ ತಂಡವನ್ನು ಕಲ್ಪಿಸುವುದೇ ಕಷ್ಟ. ಆದರೂ ಗುಹೆಯ ಹೊರಗೆ ಸರದಿ ಕಾಯುವ ದೋಣಿಗಳ ಸಂದಣಿಯು ನಿತ್ಯದ ನೋಟ. ಥಾಯ್ಲೆಂಡಿನ ಮಾಯಾಕೊಲ್ಲಿಯು ದಿನಕ್ಕೆ ಸಾವಿರಗಟ್ಟಲೆ ಜನರ ಕಾಲಿಗೂ ದೋಣಿಗಳ ಲಂಗರಿಗೂ ಸಿಕ್ಕಿ ಹವಳವನ್ನು ಕಳೆದುಕೊಂಡ ಮೇಲೆ, 2018ರಲ್ಲಿ ಅದನ್ನು ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆಯುವಾಗ ದೋಣಿಗಳು ಕೊಲ್ಲಿಯನ್ನು ಹೊಗಕೂಡದೆಂದೂ ಜನಸಂಖ್ಯೆಗೆ ಮಿತಿಯಿರತಕ್ಕದ್ದೆಂದೂ ಕಟ್ಟಳೆ ಮಾಡಬೇಕಾಯಿತು. ನಾವೂ ಕೆಡಿಸಿದ ಮೇಲೆಯೇ ಕಟ್ಟಳೆ ಮಾಡಬೇಕೆ?

ಗುಹೆಯೆಂಬುದು ನಮಗೆ ನೋಟ, ಬೇರೆ ಕೆಲವರಿಗೆ ಮನೆ. ಪಶ್ಚಿಮ ಕರಾವಳಿಯಲ್ಲಿ, ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಗುಹೆಯಂತಹ ಎಡೆಗಳಲ್ಲಿ, ತನ್ನ ಎಂಜಲನ್ನೇ ಗಾರೆಯಾಗಿಸಿ ಗೂಡು ಕಟ್ಟುವ ಪುಟ್ಟ ಬಾನಾಡಿಯೊಂದು ವಾಸಿಸುತ್ತದೆ. ಆ ಗೂಡು ಚೀನೀಯರ ಸಾರಿಗೆ ಬೆಲೆಬಾಳುವ ಸಾಮಗ್ರಿಯಾದುದರಿಂದಲೇ ಅದರ ಕುಲಕ್ಕೆ ಆಪತ್ತು ಬಂದಿತು. ಮನೆಗೆ ಒಂದೇ ಬಾಗಿಲಿದ್ದು, ಆ ಬಾಗಿಲಲ್ಲಿ ದಿನವಿಡೀ ಯಂತ್ರದ ದೋಣಿಗಳು ಗುಡುಗುತ್ತಿದ್ದರೆ, ಮರಿಗೆ ಗುಟುಕು ತರುವ ತಾಯಿ ಯಾವ ದಾರಿಯಿಂದ ಬರಬೇಕು? ಮಿತ್ರರು ಮಮತೆಯ ಮಾತನಾಡಿದರು. ನೇತ್ರಾಣಿಯ ಪರವಾಗಿ ದನಿಯೆತ್ತಿದವರು ಹೋಗಿ ನೋಡಿದ್ದರೆಂಬುದು ದಿಟ. ಆದರೆ ಹೋಗಿ ನೋಡಿದವರೆಲ್ಲರೂ ದನಿಯೆತ್ತಿದರೆ? ಬಹುಪಾಲು ಮಂದಿ ಪಟ ತೆಗೆದು, ಕಿಸೆ ತುಂಬ ಚಿಪ್ಪು ಹೆಕ್ಕಿ ಮನೆಗೆ ಬಂದರು.

ಇನ್ನು ಅಪಾಯದ ವಿಷಯ. ಹೊಳೆಯ ಗುಂಡಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲಿನ ಸೆಳೆತದ ಪರಿಚಯವಿಲ್ಲ. ಪಾಚಿಗಟ್ಟಿದ ಬಂಡೆಯ ಮೇಲೆ ನಿಂತವನನ್ನು ಒಂದು ಹಿರಿಯಲೆ ಎಳೆದೊಯ್ಯಲು ಕ್ಷಣಕಾಲ ಸಾಕು. ಗುಹೆಯ ಬಾಯಲ್ಲಂತೂ ಹೊರಗೆ ಮೊಣಕಾಲೆತ್ತರದ ಅಲೆಯು ಇಕ್ಕಟ್ಟಿಗೆ ಸಿಕ್ಕಿ ಆಳೆತ್ತರಕ್ಕೆ ಏಳುತ್ತದೆ. ಇಲ್ಲಿ ಸಣ್ಣ ತಂಡದ ಗುಣವೇ ದೋಷವಾಗುವ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದೆಡೆ ನಾವು ಎಂಟು ಮಂದಿ ದೋಣಿಯೊಂದನ್ನು ಗೊತ್ತುಮಾಡಿದ್ದೆವು. ಗಾಳಿ ತಿರುಗಿದೆ, ಇಂದು ಬೇಡ ಎಂದು ದೋಣಿಯವನು ಎರಡು ಸಲ ಹೇಳಿದ. ಅಷ್ಟು ದೂರದಿಂದ ಬಂದಿದ್ದೇವೆ, ದುಡ್ಡು ಕೊಟ್ಟಾಗಿದೆ, ಸ್ವಲ್ಪ ದೂರವಾದರೂ ಹೋಗಿಬರೋಣ ಎಂದು ನಾವು ಎಂಟು ಬಾಯಿಗಳಿಂದ ಒತ್ತಾಯಿಸಿದೆವು. ಆತನು ಒಬ್ಬನೇ, ಅಂದಿನ ಸಂಪಾದನೆಯೂ ಅದೊಂದೇ. ಹೊರಟೆವು. ಮೈಯೆಲ್ಲ ತೊಯ್ದು, ವಾಂತಿಮಾಡಿಕೊಂಡು, ಮಾತಿಲ್ಲದೆ ಮರಳಿದೆವು. ಬದುಕಿ ಬಂದುದು ನಮ್ಮ ಜಾಣತನದಿಂದಲ್ಲ, ಆತನ ತೋಳಿನ ಕಸುವಿನಿಂದ. ದೊಡ್ಡ ದೋಣಿಗೆ ವೇಳಾಪಟ್ಟಿಯೂ ಬಾವುಟ ತೋರುವವನೂ ಇರುತ್ತಾರೆ. ಸಣ್ಣ ದೋಣಿಯಲ್ಲಿ ಕಡಲನ್ನು ಬಲ್ಲವನ ಮಾತಿಗಿಂತ ಬಾಡಿಗೆ ಕೊಟ್ಟವರ ಹಟವೇ ಮೇಲಾಗುತ್ತದೆ.

ಪರಪಕ್ಷದ ಪ್ರತ್ಯುತ್ತರ

ಕುಮಾರಪರ್ವತದ ಉದಾಹರಣೆಯನ್ನು ನಾನು ಒಪ್ಪಿದೆ; ಆದರೆ ಅದರ ಕೊನೆಯನ್ನು ಮಿತ್ರರು ಗಮನಿಸಲಿ. ಪರ್ವತವನ್ನು ಶಾಶ್ವತವಾಗಿ ಮುಚ್ಚಲಿಲ್ಲ. ಸಂಖ್ಯೆಯನ್ನು ನಿಗದಿಮಾಡಿ ತೆರೆದರು. ಅದೇ ರೀತಿ ದಿನವೊಂದಕ್ಕೆ ದ್ವೀಪಕ್ಕೆ ಹೋಗತಕ್ಕ ದೋಣಿಗಳಿಷ್ಟೆಂದು ಮೊದಲೇ ಗೊತ್ತಾಗಲಿ. ಹಕ್ಕಿಗಳು ಮರಿಮಾಡುವ ಕಾಲದಲ್ಲಿ ಗುಹೆಯ ಬಾಯಿಂದ ದೂರವೇ ನಿಲ್ಲೋಣ, ಯಂತ್ರವನ್ನು ಆರಿಸಿ ಕಿವಿಗೊಡೋಣ. ತಾಂಡೇಲನು ಬೇಡವೆಂದ ದಿನ ಬಾಡಿಗೆಯ ಅರ್ಧವನ್ನಾದರೂ ಆತನಿಗೆ ಕೊಟ್ಟೇ ಮರಳುವುದೆಂದು ಮುಂಚಿತವಾಗಿ ಮಾತಾಗಲಿ. ಬೇಡವೆನ್ನುವುದರಿಂದ ಆತನ ಒಲೆ ಆರುವುದಿಲ್ಲವೆಂದು ಖಚಿತವಾದರೆ, ಆತನು ಧೈರ್ಯವಾಗಿ ಬೇಡವೆಂದಾನು. ಎಚ್ಚರವುಳ್ಳವರು ಹಿಂಜರಿದು ಮನೆಯಲ್ಲಿ ಕುಳಿತರೆ ಕಡಲಿಗೆ ಹೋಗುವವರು ಎಚ್ಚರಗೇಡಿಗಳು ಮಾತ್ರ.

ವಿರೋಧಪಕ್ಷದ ಪ್ರತ್ಯುತ್ತರ

ಇಷ್ಟು ಷರತ್ತುಗಳಿಗೆ ಒಪ್ಪಿದ ಮೇಲೆ ಮಿತ್ರರಿಗೂ ನನಗೂ ನಡುವೆ ಉಳಿದಿರುವುದು 'ಪ್ರೋತ್ಸಾಹ' ಎಂಬ ಒಂದೇ ಪದ. ಪ್ರೋತ್ಸಾಹವೆಂದರೆ ಇನ್ನಷ್ಟು ಬನ್ನಿರೆಂದು ಕರೆಯುವುದು; ಷರತ್ತೆಂದರೆ ಇಷ್ಟೇ ಬನ್ನಿರೆಂದು ತಡೆಯುವುದು. ಎರಡನ್ನೂ ಒಂದೇ ಬಾಯಿಂದ ಹೇಳುವ ಕಡೆಗಳಲ್ಲಿ ಮೊದಲನೆಯದು ಗಟ್ಟಿಯಾಗಿಯೂ ಎರಡನೆಯದು ಪಿಸುಮಾತಾಗಿಯೂ ಕೇಳಿಸುವುದನ್ನು ನಾವೆಲ್ಲ ಬಲ್ಲೆವು. ಆದಕಾರಣ ಮೊದಲು ದ್ವೀಪದ ಲೆಕ್ಕವಾಗಲಿ, ಆಮೇಲೆ ದೋಣಿಯ ಲೆಕ್ಕ.

ನಮ್ಮೂರ ತಂಡದ ವಿಷಯದಲ್ಲಿ ನನ್ನ ಮಾತು ಇಷ್ಟೆ. ಕಡಲು ಒಲ್ಲೆನೆಂದ ದಿನ, ಮಲ್ಪೆಯ ದಡದಲ್ಲಿ ಕುಳಿತು ಅಲೆಗಳನ್ನು ನೋಡಿ, ತಾಂಡೇಲನ ಕೈಗೆ ಹಣವಿತ್ತು, ಗೊಣಗದೆ ಗುತ್ತಿಗಾರಿಗೆ ಮರಳಲು ಹನ್ನೆರಡು ಮಂದಿಯೂ ಸಿದ್ಧರಿದ್ದರೆ ಹೊರಡಿರಿ, ನಾನೂ ಜೊತೆಗೆ ಬಂದೇನು. ಆದರೆ ನಾನು ಹದಿಮೂರನೆಯವನಾಗುತ್ತೇನೆ. ದೋಣಿಗೆ ಹನ್ನೆರಡು ಎಂದಾದ ಮೇಲೆ ನನ್ನನ್ನು ದಡದಲ್ಲಿಯೇ ಬಿಟ್ಟು ಹೋಗತಕ್ಕದ್ದು.